ಇನ್ನೂರ ಹನ್ನೆರಡು ಕೆಂಪು ಸಾಲುಗಳು

ಜನವರಿ ೯

ತಮ್ಮಾ,

ಫೋನಿನಲ್ಲಿ ನೀನು ಮಾತನ್ನು ಎಲ್ಲಿಂದ ಎಲ್ಲಿಗೋ ಹಾರಿಸಿಬಿಡುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದಿಂದ ತಪ್ಪಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಇಪ್ಪತ್ತೊಂಬತ್ತು ವರ್ಷ ಆಸ್ಪತ್ರೆಯ ದಾಖಲೆ ಕೊಠಡಿಯಲ್ಲಿ ಕೂತವಳಿಗೆ ಇಷ್ಟಾದರೂ ಗೊತ್ತು.

ಸೋಮವಾರ ನಮ್ಮ ಹೊಸ ಆಡಳಿತಾಧಿಕಾರಿ ಗೋಡೆಗೆ ಒಂದು ಸುತ್ತೋಲೆ ಅಂಟಿಸಿದರು. ಇನ್ನು ಮುಂದೆ ಯಾರೂ ಕೈಬರಹದ ಪುಸ್ತಕ ಇಡಕೂಡದಂತೆ. ಕಂಪ್ಯೂಟರಿನಲ್ಲಿ ಇದ್ದದ್ದೇ ದಾಖಲೆ, ಮಿಕ್ಕಿದ್ದೆಲ್ಲ ರದ್ದಿ. ಕಾರಣ ಯಾರು ಗೊತ್ತೇ? ನೀನು. "ಇದೇ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದ ಹಿಂದೆ ನಡೆದ, ಜಗತ್ತಿನಾದ್ಯಂತ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಉಲ್ಲೇಖಗೊಂಡ ಅಧ್ಯಯನ" ಎಂದು ನಿನ್ನ ಲೇಖನವನ್ನೇ ಆಧಾರವಾಗಿ ಕೊಟ್ಟಿದ್ದಾರೆ.

ಹನ್ನೊಂದು ವರ್ಷದಿಂದ ಆ ಲೇಖನದ ಹೆಸರು ಹೇಳಿಕೊಂಡು ಬೀಗುತ್ತಿದ್ದೆ ನಾನು. ಓದಿರಲಿಲ್ಲ, ಅದು ಬೇರೆ ಮಾತು. ನಿಮ್ಮ ಭಾಷೆ ನನಗೆ ಕಬ್ಬಿಣದ ಕಡಲೆ. ಈ ಸಲ ಔಷಧಿ ವಿಭಾಗದ ಹಿರಿಯರನ್ನು ಕೂರಿಸಿಕೊಂಡು ಎರಡು ಮಧ್ಯಾಹ್ನ ಸಾಲುಸಾಲಾಗಿ ಓದಿಸಿಕೊಂಡೆ. ಅದರಲ್ಲಿ ನಾನಿದ್ದೇನೆ. "ಮಾಹಿತಿದಾರೆ ಆರು: ಹೊಸ ವ್ಯವಸ್ಥೆಗೆ ಅಂಜುವ, ಹಳೆಯ ಅಭ್ಯಾಸ ಬಿಡಲಾರದ ಹಿರಿಯ ಗುಮಾಸ್ತೆ." ಆಗ ನನಗೆ ನಲವತ್ತೆರಡು.

ಅದು ಹೋಗಲಿ. ನನ್ನ ಪುಸ್ತಕದಲ್ಲಿ ನೂರಕ್ಕೆ ಮೂವತ್ತಮೂರು ನಮೂದುಗಳು ತಪ್ಪು ಎಂದು ಮೂರನೆಯ ಕೋಷ್ಟಕದಲ್ಲಿ ಬರೆದಿದ್ದೀಯ. ಆ ಮೂವತ್ತಮೂರನ್ನು ಎಲ್ಲಿಂದ ತಂದೆ? ನನಗೆ ಅರ್ಥವಾಗುವ ಮಾತಿನಲ್ಲಿ ಹೇಳು.

ಇಂತಿ,
ಅಕ್ಕ

ಜನವರಿ ೨೪

ಅಕ್ಕಾ,

ನಿನ್ನ ಕಾಗದ ನೋಡಿ ನಗು ಬಂತು. ಈ ಕಾಲದಲ್ಲಿ ಅಂಚೆಚೀಟಿ ಎಲ್ಲಿ ಹುಡುಕಿದೆ? ಸರಿ, ನಾನೂ ಕಾಗದವೇ ಬರೆಯುತ್ತೇನೆ. ಪೆನ್ನು ಹಿಡಿದು ಎಷ್ಟು ದಿನವಾಯಿತೋ, ಅಕ್ಷರ ನೋಡಿ ಬೈಯಬೇಡ.

"ಹಳೆಯ ಅಭ್ಯಾಸ ಬಿಡಲಾರದ" ಎಂಬುದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಮ್ಮ ಬರವಣಿಗೆಯ ರೀತಿಯೇ ಹಾಗೆ. ಅದು ನೀನಲ್ಲ, ನಿನ್ನಂಥ ಸಾವಿರ ಜನ. ಮಾಹಿತಿ ವ್ಯವಸ್ಥೆಗಳ ಅಧ್ಯಯನ ಎಂದರೆ ಇಷ್ಟೇ ತಾನೆ: ಕಚೇರಿಗೆ ಹೊಸ ಯಂತ್ರ ಬಂದಾಗ ಜನ ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ. ಯಂತ್ರದ ಪಕ್ಕದಲ್ಲೇ ಜನ ಗುಟ್ಟಾಗಿ ಇನ್ನೊಂದು ಪುಸ್ತಕ ಇಡುತ್ತಾರೆ, ಆ ಪುಸ್ತಕವೇ ತಪ್ಪಿನ ಮೂಲ ಎಂದು ಅಂಕಿಗಳ ಸಮೇತ ಮೊದಲು ತೋರಿಸಿದವನು ನಾನು. ಇವತ್ತು ಬೆಳಿಗ್ಗೆ ನೋಡಿದೆ, ನಾಲ್ಕು ಸಾವಿರದ ನೂರ ಹದಿನೆಂಟು. ಅಂದರೆ ಅಷ್ಟು ಲೇಖನಗಳಲ್ಲಿ ಯಾರ್ಯಾರೋ "ಇಂಥವರು ಹೀಗೆ ತೋರಿಸಿಕೊಟ್ಟಿದ್ದಾರೆ" ಎಂದು ನನ್ನ ಹೆಸರು ಬರೆದಿದ್ದಾರೆ. ನಮ್ಮ ಕ್ಷೇತ್ರದಲ್ಲಿ ಹತ್ತು ಸಲ ಹೆಸರು ಬಂದರೆ ಸಿಹಿ ಹಂಚುವವರಿದ್ದಾರೆ. ವಿಶ್ವವಿದ್ಯಾಲಯದಲ್ಲಿ ಒಂದು ಹೊಸ ಪೀಠ ಸ್ಥಾಪನೆಯಾಗುತ್ತಿದೆ, ಜೂನ್‌ನಲ್ಲಿ ಮುಖ್ಯಸ್ಥನ ಆಯ್ಕೆ. ಆ ಒಂದು ಲೇಖನದ ಬಲದ ಮೇಲೆ ನನ್ನ ಹೆಸರು ಮೊದಲಿದೆ.

ಮೂವತ್ತಮೂರರ ವಿಷಯ ಬಹಳ ಸರಳ. ನಿನ್ನ ಪುಸ್ತಕದ ಆರುನೂರ ನಲವತ್ತು ಸಾಲುಗಳ ಬಣ್ಣದ ಜೆರಾಕ್ಸ್ ತೆಗೆದುಕೊಂಡು ಬಂದಿದ್ದೆನಲ್ಲ. ಅದರಲ್ಲಿ ಇನ್ನೂರ ಹನ್ನೆರಡು ಸಾಲುಗಳಲ್ಲಿ ನೀಲಿ ಬರಹವನ್ನು ನೀನೇ ಕೆಂಪಿನಲ್ಲಿ ತಿದ್ದಿದ್ದೆ. ಕೆಂಪು ಎಂದರೆ ತಪ್ಪು. ಇದನ್ನು ಯಾರಾದರೂ ನಮಗೆ ಹೇಳಿಕೊಡಬೇಕೇ? ಅಪ್ಪ ಅಚ್ಚುಕೂಟದಿಂದ ಕರಡಚ್ಚು ಮನೆಗೆ ತಂದು ತಿದ್ದುತ್ತಿದ್ದಾಗ ಕೆಂಪು ಗೀಟುಗಳನ್ನು ಎಣಿಸುವ ಕೆಲಸ ನನ್ನದೇ ಆಗಿತ್ತು.

ನಿನ್ನ ತಮ್ಮ

ಫೆಬ್ರವರಿ ೨

ತಮ್ಮಾ,

ನಿನ್ನ ಕಾಗದ ಓದಿ ನಾನು ನಗಲಿಲ್ಲ.

ನನ್ನ ಪುಸ್ತಕ ಹೇಗೆ ನಡೆಯುತ್ತಿತ್ತು ಎಂದು ಈಗ ಹೇಳುತ್ತೇನೆ. ಹನ್ನೊಂದು ವರ್ಷ ತಡವಾಯಿತು, ಆದರೂ ಕೇಳು. ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರಿನಿಂದ ಪಟ್ಟಿ ಬರುತ್ತದೆ: ಯಾವ ಹಾಸಿಗೆಯಲ್ಲಿ ಯಾರು, ವಯಸ್ಸೆಷ್ಟು, ಯಾವ ಔಷಧಿ ಅವರಿಗೆ ಆಗುವುದಿಲ್ಲ. ಅದನ್ನು ನಾನು ನೀಲಿಯಲ್ಲಿ ಇದ್ದದ್ದು ಇದ್ದ ಹಾಗೆ ಪುಸ್ತಕಕ್ಕೆ ಇಳಿಸುತ್ತೇನೆ. ನೀಲಿ ಎಂದರೆ ಯಂತ್ರದ ಮಾತು. ಆಮೇಲೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ವಾರ್ಡಿಗೆ ಹೋಗುತ್ತೇನೆ. ಹಾಸಿಗೆಯ ಪಕ್ಕ ನಿಂತು ರೋಗಿಯನ್ನು ಕೇಳುತ್ತೇನೆ, ಮನೆಯವರನ್ನು ಕೇಳುತ್ತೇನೆ, ಹಳೆಯ ಕಡತ ತೆಗೆಸಿ ನೋಡುತ್ತೇನೆ. ಯಂತ್ರದ ಮಾತು ಸುಳ್ಳಾದ ಕಡೆ ನಿಜವನ್ನು ಕೆಂಪಿನಲ್ಲಿ ಬರೆಯುತ್ತೇನೆ; ಯಂತ್ರದೊಳಗೆ ತಿದ್ದುವ ಅಧಿಕಾರ ನಮಗಿಲ್ಲ. ನಮ್ಮ ಕೊಠಡಿಯಲ್ಲಿ ಕೆಂಪು ಶಾಯಿ ಮುಟ್ಟಬೇಕಾದರೆ ಕಣ್ಣಾರೆ ನೋಡಿ ಬಂದಿರಬೇಕು. ನನಗೆ ಕೆಲಸ ಕಲಿಸಿದ ಹಿರಿಯಮ್ಮ ಇಟ್ಟ ನಿಯಮ ಅದು.

ಆ ಇನ್ನೂರ ಹನ್ನೆರಡು ತಪ್ಪುಗಳು ನನ್ನವಲ್ಲ, ಯಂತ್ರದವು. ನೀನು ತಕ್ಕಡಿಯನ್ನೇ ತಲೆಕೆಳಗೆ ಹಿಡಿದೆ. ಹಾಗೇ ಹಿಡಿದು ಲೋಕಕ್ಕೆಲ್ಲ ತೋರಿಸಿದೆ.

ಮೂರು ವಾರ ನನ್ನ ಮೇಜಿನ ಎದುರಿಗೇ ಕೂತಿದ್ದೆ. ನನ್ನ ಊಟದ ಡಬ್ಬಿಯಲ್ಲೇ ಕೈ ಹಾಕಿ ತಿನ್ನುತ್ತಿದ್ದೆ. ಕೆಂಪು ಯಾಕೆ ಅಕ್ಕಾ ಎಂದು ಒಂದು ಮಾತು ಕೇಳಲಿಲ್ಲವಲ್ಲ ನೀನು. ನನ್ನದೂ ತಪ್ಪಿದೆ, ತಮ್ಮ ದೊಡ್ಡ ಮನುಷ್ಯನಾದ ಎಂಬ ಸಂಭ್ರಮದಲ್ಲಿ ಅವನು ಏನು ಬರೆದ ಎಂದು ಕೇಳುವುದೇ ಬೇಡವೆನಿಸಿತು ನನಗೆ.

ನನ್ನನ್ನು ಹೊರಗಿನ ಕಟ್ಟಡದಲ್ಲಿ ಟೋಕನ್ ಕೊಡುವ ಕಿಟಕಿಗೆ ಹಾಕಿದ್ದಾರೆ. ಅದರ ಬಗ್ಗೆ ನಾನು ಏನೂ ಕೇಳುತ್ತಿಲ್ಲ. ಪುಸ್ತಕ ನಿಂತಿದೆ, ಅದು ಮತ್ತೆ ಶುರುವಾಗಬೇಕು. ಯಂತ್ರ ಇವತ್ತಿಗೂ ಒಂದೇ ಹೆಸರು, ಒಂದೇ ವಯಸ್ಸಿನ ಇಬ್ಬರನ್ನು ಒಬ್ಬರೆಂದು ತಿಳಿಯುತ್ತದೆ. ನಮ್ಮ ಆಡಳಿತಾಧಿಕಾರಿಗೆ ಒಂದು ಕಾಗದ, ನಿನ್ನ ಲೇಖನ ಅಚ್ಚು ಮಾಡಿದ ಪತ್ರಿಕೆಯವರಿಗೆ ಒಂದು ಕಾಗದ ಬರೆ. ಲೆಕ್ಕ ತಿರುಗುಮುರುಗಾಗಿದೆ ಎಂದು ಬರೆದರೆ ಸಾಕು.

ಅಕ್ಕ

ಫೆಬ್ರವರಿ ೨೭

ಅಕ್ಕಾ,

ತಡವಾಯಿತು, ಕ್ಷಮಿಸು. ಪರೀಕ್ಷೆ, ಸಭೆ, ಪ್ರವಾಸ, ಉಸಿರಾಡಲು ಪುರುಸೊತ್ತಿಲ್ಲ.

ನೀನು ಹೇಳಿದ್ದನ್ನು ಇಲ್ಲವೆನ್ನುವುದಿಲ್ಲ. ಆದರೆ ಇಂಥ ವಿಷಯದಲ್ಲಿ ಅವಸರ ಮಾಡುವಂತಿಲ್ಲ. ಮೂಲ ಪ್ರತಿಗಳು ಉಗ್ರಾಣದಲ್ಲಿವೆ. ತೆಗೆಸಬೇಕು, ಮತ್ತೆ ಎಣಿಸಬೇಕು, ಜೊತೆ ಲೇಖಕರನ್ನು ಕೇಳಬೇಕು. ಲೇಖನದ ತಿರುಳು ಆ ಒಂದು ಕೋಷ್ಟಕದ ಮೇಲೆ ನಿಂತಿಲ್ಲ ಎಂಬುದನ್ನೂ ನೀನು ಅರ್ಥ ಮಾಡಿಕೊಳ್ಳಬೇಕು.

ಜೂನ್ ಕಳೆಯಲಿ. ಅಲ್ಲಿಯವರೆಗೆ ಈ ಮಾತು ನಮ್ಮಿಬ್ಬರಲ್ಲೇ ಇರಲಿ. ನಿನ್ನ ಆಡಳಿತಾಧಿಕಾರಿಯ ಜೊತೆ ಜಗಳಕ್ಕೆ ಹೋಗಬೇಡ.

ನಿನ್ನ ತಮ್ಮ

ಏಪ್ರಿಲ್ ೩

ತಮ್ಮಾ,

ಆಸ್ಪತ್ರೆಯ ತೋಟಗಾರ ನಿನಗೆ ನೆನಪಿರಬೇಕು. ನೀನು ಇಲ್ಲಿದ್ದಾಗ ಕೊಠಡಿಯ ಕಿಟಕಿಯ ಹೊರಗೆ ನಿಂತು ದೊಡ್ಡ ದನಿಯಲ್ಲಿ ಗಿಡಗಳನ್ನು ಬೈಯುತ್ತಿದ್ದ. ನಿನಗೆ ಕೆಲಸ ಮಾಡಲು ಬಿಡುವುದಿಲ್ಲ ಎಂದು ನೀನು ಗೊಣಗುತ್ತಿದ್ದೆ.

ಹತ್ತು ದಿನದ ಹಿಂದೆ ಏಣಿಯ ಮೇಲೆ ನಿಂತು ಬೇಲಿ ಕತ್ತರಿಸುವಾಗ ಬಿದ್ದ. ತಲೆಗೆ ಪೆಟ್ಟಾಗಿ ಪ್ರಜ್ಞೆ ಇರಲಿಲ್ಲ, ಹೆಂಡತಿ ತವರಿಗೆ ಹೋಗಿದ್ದಳು. ಗಾಯ ಕೀವಾಗದಿರಲಿ ಎಂದು ಚುಚ್ಚುಮದ್ದು ಕೊಡುವ ಮೊದಲು ವಾರ್ಡಿನವರು ಕಂಪ್ಯೂಟರ್ ನೋಡಿದರು. ಆಗದ ಔಷಧಿ ಯಾವುದೂ ಇಲ್ಲ ಎಂದಿತ್ತು. ಕೊಟ್ಟರು. ಕಾಲು ಗಂಟೆಯಲ್ಲಿ ಗಂಟಲು ಊದಿ ಉಸಿರು ಕಟ್ಟಿತು. ಕತ್ತಿನಲ್ಲಿ ತೂತು ಮಾಡಿ ನಳಿಕೆ ಹಾಕಿ ಜೀವ ಉಳಿಸಿದ್ದಾರೆ. ಧ್ವನಿಪೆಟ್ಟಿಗೆ ಹಾಳಾಗಿದೆ, ಇನ್ನು ಮಾತು ಬರುವುದಿಲ್ಲವಂತೆ. ನಾನು ಹೊರಗಿನ ಕಿಟಕಿಯಲ್ಲಿ ಟೋಕನ್ ಹರಿಯುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಎದ್ದಾಗಲೇ ನನಗೆ ಗೊತ್ತಾದದ್ದು.

ಅವನಿಗೆ ಆ ಔಷಧಿ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಕಾಲಿನ ಗಾಯಕ್ಕೆ ಸೇರಿದ್ದಾಗ ಅವನೇ ಹೇಳಿದ್ದ, ನಾನೇ ಕೆಂಪಿನಲ್ಲಿ ಬರೆದಿದ್ದೆ. ಪ್ರತಿವರ್ಷ ಹೊಸ ಪುಸ್ತಕದ ಮೊದಲ ಹಾಳೆಗೆ ಅಂಥವರ ಪಟ್ಟಿಯನ್ನು ಮತ್ತೆ ಇಳಿಸುತ್ತಿದ್ದೆ. ಅನುಮಾನ ಬಂದಾಗ ವಾರ್ಡಿನವರು ನನ್ನ ಕೊಠಡಿಗೆ ಫೋನ್ ಮಾಡುತ್ತಿದ್ದರು. ಈಗ ಅಲ್ಲಿ ಫೋನ್ ಎತ್ತುವವರಿಲ್ಲ. ಇಷ್ಟು ವರ್ಷದ ಪುಸ್ತಕಗಳನ್ನೆಲ್ಲ ಫೆಬ್ರವರಿಯಲ್ಲೇ ರದ್ದಿಯವನ ಗಾಡಿಗೆ ಹಾಕಿಬಿಟ್ಟರು.

ವಿಚಾರಣೆ ನಡೆಯುತ್ತಿದೆ. ಇಂಥ ದಾಖಲೆ ಇತ್ತು ಎಂಬುದಕ್ಕೆ ಪುರಾವೆ ಕೊಡಿ ಎನ್ನುತ್ತಾರೆ. ಲೋಕದಲ್ಲಿ ಉಳಿದಿರುವ ಪುರಾವೆ ನಿನ್ನ ಉಗ್ರಾಣದ ಜೆರಾಕ್ಸ್ ಮಾತ್ರ. ನೀನು ಪ್ರತಿ ತೆಗೆದದ್ದು ಅದೇ ವರ್ಷದ ಪುಸ್ತಕದ್ದು. ನೀನು ತಪ್ಪೆಂದು ಎಣಿಸಿದ ಇನ್ನೂರ ಹನ್ನೆರಡರಲ್ಲಿ ಒಂದು ಸಾಲು ತೋಟಗಾರನದು.

ಆ ಹಾಳೆ ಕಳಿಸು. ಜೂನ್‌ವರೆಗೆ ಕಾಯುವ ಮಾತು ಇನ್ನಿಲ್ಲ.

ಅಕ್ಕ

ಏಪ್ರಿಲ್ ೨೯

ಪ್ರೊಫೆಸರ್ ಅವರಿಗೆ,

ನನ್ನ ಕಾಗದ ಸೇರಿ ಇಪ್ಪತ್ತು ದಿನವಾದರೂ ಆಗಿರಬೇಕು. ನೀವು ಉತ್ತರ ಬರೆಯಲಿಲ್ಲ, ಫೋನ್ ಎತ್ತಲಿಲ್ಲ. ನಿನ್ನೆ ನಿಮ್ಮ ವಿಭಾಗಕ್ಕೇ ಫೋನ್ ಮಾಡಿದೆ. ಎತ್ತಿದವಳು ಹಿಂದೆ ನಿಮ್ಮ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದು ಈಗ ಅಲ್ಲೇ ಪಾಠ ಹೇಳುತ್ತಿರುವ ಹೆಣ್ಣುಮಗಳು. ನಾನು ಯಾರು, ಎಲ್ಲಿ ಕೆಲಸ ಎಂದು ಹೇಳಿದೆ. ಅವಳು "ಕೆಂಪು ಬರಹದ ಅಮ್ಮ ನೀವೇನಾ?" ಅಂದಳು.

ಆರು ವರ್ಷದ ಹಿಂದೆ ನಿಮ್ಮ ಲೇಖನವನ್ನು ಮುಂದುವರಿಸಲು ಹೊರಟವಳು ಆ ಹಾಳೆಗಳನ್ನೆಲ್ಲ ಮೊದಲಿನಿಂದ ಓದಿದಳಂತೆ. ನೀಲಿ ಬರಹ ಯಂತ್ರದ ಪಟ್ಟಿಗೆ ಅಕ್ಷರಕ್ಕೆ ಅಕ್ಷರ ಸರಿಹೊಂದುವುದನ್ನು ನೋಡಿ, ಲೆಕ್ಕ ತಿರುಗುಮುರುಗಾಗಿದೆ ಎಂದು ನಿಮಗೆ ಬರೆದುಕೊಟ್ಟಳಂತೆ. ಬೇರೆ ವಿಷಯ ಹುಡುಕಿಕೋ ಎಂದಿರಂತೆ ನೀವು.

ತಿಳಿಯದೆ ಮಾಡಿದ್ದೀಯ ಎಂದೇ ನಾನು ನಂಬಿದ್ದೆ. ಮೂರು ತಿಂಗಳು ನಿನ್ನ ಪರ ವಹಿಸಿಕೊಂಡು ಔಷಧಿ ವಿಭಾಗದ ಹಿರಿಯರ ಜೊತೆ ಜಗಳವಾಡಿದ್ದೆ.

ಮಾಹಿತಿದಾರೆ ಆರು

ಮೇ ೧೧

ಅಕ್ಕಾ,

ಬೈಯಿ, ಆದರೆ ಬಹುವಚನದಲ್ಲಿ ಬೈಯಬೇಡ.

ಹೌದು, ಗೊತ್ತಿತ್ತು. ಅವಳು ಹಾಳೆಗಳನ್ನು ಮೇಜಿನ ಮೇಲೆ ಹರಡಿದ ದಿನ ಅರ್ಧ ಗಂಟೆಯಲ್ಲೇ ಗೊತ್ತಾಯಿತು. ಆಗ ಸಾವಿರದ ಇನ್ನೂರು ಉಲ್ಲೇಖಗಳಾಗಿದ್ದವು. ಅಷ್ಟು ಜನ ಅದರ ಮೇಲೆ ತಮ್ಮ ಮನೆ ಕಟ್ಟಿಕೊಂಡಿದ್ದರು, ಪಾಯದ ಕಲ್ಲು ಎಳೆಯಲು ನನಗೆ ಕೈ ಬರಲಿಲ್ಲ. ಮುಂದಿನ ವರ್ಷ ಹೇಳೋಣ ಎಂದುಕೊಂಡೆ. ಮುಂದಿನ ವರ್ಷಕ್ಕೆ ಎರಡು ಸಾವಿರವಾಯಿತು. ಆ ಎಣಿಕೆ ಏರಿದಷ್ಟೂ ನನ್ನ ಬಾಯಿಗೆ ಬೀಗ ಬಿಗಿಯಾಯಿತು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಆ ಸಂಖ್ಯೆ ನೋಡುತ್ತೇನೆ ಅಕ್ಕಾ. ಮೊದಮೊದಲು ಸಂತೋಷಕ್ಕೆ ನೋಡುತ್ತಿದ್ದೆ. ಈಗ ಯಾರಾದರೂ ಹಿಡಿದುಬಿಟ್ಟರೇ ಎಂದು ನೋಡುತ್ತೇನೆ. ಇಲ್ಲ, ಯಾರೂ ಹಿಡಿದಿಲ್ಲ. ನಾಲ್ಕು ಸಾವಿರ ಜನರಲ್ಲಿ ಒಬ್ಬರೂ ಮೂರನೆಯ ಕೋಷ್ಟಕವನ್ನು ಓದಿಲ್ಲ.

ತೋಟಗಾರನ ವಿಷಯ ಓದಿ ಎರಡು ದಿನ ಊಟ ಸೇರಲಿಲ್ಲ. ಆದರೆ ಆ ಹಾಳೆ ಕಳಿಸುವಂತಿಲ್ಲ. ಮಾಹಿತಿದಾರರ ಗುರುತು ಗೋಪ್ಯವಾಗಿಡುತ್ತೇವೆಂದು ಸಹಿ ಮಾಡಿ ತಂದ ಪ್ರತಿಗಳು ಅವು. ನಿಯಮ ಮುರಿದರೆ ನನ್ನ ಕೆಲಸಕ್ಕೇ ಕುತ್ತು. ಆ ಮಾಹಿತಿದಾರೆ ನೀನೇ, ಕೇಳುತ್ತಿರುವವಳೂ ನೀನೇ ಎಂಬುದು ನನಗೆ ಗೊತ್ತು. ನಗಬೇಡ.

ತಿದ್ದುಪಡಿ ಬರೆಯುತ್ತೇನೆ. ಅಪ್ಪನಾಣೆಗೂ ಬರೆಯುತ್ತೇನೆ.

ನಿನ್ನ ತಮ್ಮ

ಜುಲೈ ೬

ಅಕ್ಕಾ,

ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ತಿದ್ದುಪಡಿ ಪ್ರಕಟವಾಗಿದೆ, ಅದರ ಪ್ರತಿ ಇದರ ಜೊತೆಗಿದೆ. ಪೀಠದ ಆಯ್ಕೆಯೂ ಮುಗಿದು ನನಗೇ ಬಂತು. ನಿನಗೆ ಮೊದಲು ಹೇಳಬೇಕೆನಿಸಿತು. ಅಪ್ಪ ಇದ್ದಿದ್ದರೆ ಎಂದು ಬರೆಯಲು ಹೋದೆ, ಆಮೇಲೆ ಬೇಡವೆನಿಸಿತು.

ಇನ್ನಾದರೂ ಮನಸ್ಸು ತಿಳಿಮಾಡಿಕೊ. ಒಂದು ಸಾಲು ಬರೆ.

ನಿನ್ನ ತಮ್ಮ

ಅಕ್ಟೋಬರ್ ೧೭

ತಮ್ಮಾ,

ಒಂದು ಸಾಲು ಕೇಳಿದ್ದೆ. ಮೂರು ತಿಂಗಳು ಹಿಡಿಯಿತು, ಸಾಲುಗಳೂ ಜಾಸ್ತಿಯಾದವು.

ನಿನ್ನ ತಿದ್ದುಪಡಿಯನ್ನು ಔಷಧಿ ವಿಭಾಗದ ಹಿರಿಯರೇ ಓದಿ ಹೇಳಿದರು. "ಮಾಹಿತಿದಾರೆ ಆರು ಬಳಸಿದ ಬಣ್ಣಗಳಲ್ಲಿದ್ದ ಅಸ್ಪಷ್ಟತೆಯಿಂದಾಗಿ ಕೋಷ್ಟಕ ಮೂರರ ಕೆಲವು ಅಂಕಿಗಳನ್ನು ಬೇರೆ ರೀತಿಯಲ್ಲೂ ಅರ್ಥೈಸಬಹುದು. ಲೇಖನದ ಮುಖ್ಯ ನಿರ್ಣಯಗಳಿಗೆ ಇದರಿಂದ ಬಾಧೆಯಿಲ್ಲ." ಎರಡೇ ವಾಕ್ಯ. ಮೊದಲನೆಯದರಲ್ಲಿ ತಪ್ಪು ಅಕ್ಕನದು ಎಂದೆ, ಎರಡನೆಯದರಲ್ಲಿ ತಪ್ಪೇ ಇಲ್ಲ ಎಂದೆ. ಓದುತ್ತಾ ಓದುತ್ತಾ ಹಿರಿಯರಿಗೇ ನಾಚಿಕೆಯಾಗಿ ಕನ್ನಡಕ ತೆಗೆದು ಒರೆಸಿಕೊಂಡರು. ತಿಪ್ಪೆ ಸಾರಿಸುವುದನ್ನೂ ಇಷ್ಟು ಚೆನ್ನಾಗಿ ಕಲಿತಿದ್ದೀಯಲ್ಲ.

ಹಾಳೆ ನನಗೆ ಸಿಕ್ಕಿತು. ಯಾರು ಕಳಿಸಿದರೆಂದು ಕೇಳಬೇಡ, ಗೊತ್ತಾದರೂ ಅವರನ್ನು ಮುಟ್ಟಬೇಡ. ಮುನ್ನೂರ ನಲವತ್ತೊಂದನೆಯ ಸಾಲು. ನೀಲಿಯಲ್ಲಿ "ಯಾವುದೂ ಇಲ್ಲ", ಅದರ ಮೇಲೆ ಕೆಂಪಿನಲ್ಲಿ ಔಷಧಿಯ ಹೆಸರು, ಪಕ್ಕದಲ್ಲಿ "ಗಂಟಲು ಊದುತ್ತದೆ, ಅವನೇ ಹೇಳಿದ್ದು." ಅಕ್ಷರ ನನ್ನದೇ. ಸಾಲಿನ ಕೊನೆಗೆ ಪೆನ್ಸಿಲಿನಲ್ಲಿ ನೀನು ಒಂದು ಪುಟ್ಟ ಗೀಟು ಎಳೆದಿದ್ದೀಯ, ಎಣಿಕೆಗೆ ಸೇರಿಸಿಕೊಂಡಿದ್ದಕ್ಕೆ ಗುರುತು.

ಅದನ್ನು ತೆಗೆದುಕೊಂಡು ಹೋಗಿ ವಿಚಾರಣೆಯವರ ಮುಂದಿಟ್ಟೆ. ಮೂವರು ಕೂತಿದ್ದರು, ಮರ್ಯಾದೆಯಿಂದಲೇ ನೋಡಿದರು. ಹೋದ ವಾರ ವರದಿ ಬಂತು. ತೋಟಗಾರನ ಬಗ್ಗೆ ನಂಬಲರ್ಹ ದಾಖಲೆ ಇರಲಿಲ್ಲ, ಹಾಗಾಗಿ ಯಾರ ತಪ್ಪೂ ಇಲ್ಲ. ನಾನು ಕೊಟ್ಟ ಹಾಳೆಯ ಬಗ್ಗೆ ಒಂದು ಪ್ಯಾರಾ ಬರೆದಿದ್ದಾರೆ: ಇಂಥ ಕೈಬರಹದ ಪುಸ್ತಕಗಳಲ್ಲಿ ನೂರಕ್ಕೆ ಮೂವತ್ತಮೂರು ನಮೂದುಗಳು ತಪ್ಪಿರುತ್ತವೆ ಎಂದು ಸಿದ್ಧವಾಗಿರುವುದರಿಂದ ಇದನ್ನು ಪರಿಗಣಿಸಲಾಗದು. ಕೆಳಗೆ ಅಡಿಟಿಪ್ಪಣಿಯಲ್ಲಿ ನಿನ್ನ ಹೆಸರು, ಲೇಖನದ ಹೆಸರು, ಪುಟದ ಸಂಖ್ಯೆ. ಅದೂ ಒಂದು ಉಲ್ಲೇಖವೇ ತಾನೆ. ನಾಳೆ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅದನ್ನೂ ಸೇರಿಸಿಕೊ.

ನಿನ್ನ ಸಂಖ್ಯೆ ನೋಡುವುದನ್ನು ನಾನೂ ಕಲಿತೆ. ಜುಲೈಯಿಂದ ಇಲ್ಲಿಯವರೆಗೆ ಆ ಲೇಖನವನ್ನು ಇನ್ನೂ ನೂರ ಐದು ಜನ ಉಲ್ಲೇಖಿಸಿದ್ದಾರೆ. ತಿದ್ದುಪಡಿಯನ್ನು ಉಲ್ಲೇಖಿಸಿದ್ದು ಎರಡೇ ಕಡೆ. ಎರಡೂ ನಿನ್ನವೇ.

ಕಳೆದ ಭಾನುವಾರ ತೋಟಗಾರನ ಮನೆಗೆ ಹೋಗಿದ್ದೆ. ಹೆಂಡತಿ ಒಳಗೆ ಕರೆದು ಕೂರಿಸಿದಳು. ಅವನು ಕಿಟಕಿಯ ಹತ್ತಿರ ಡಬ್ಬದಲ್ಲಿ ಒಂದು ಗಿಡ ಇಟ್ಟುಕೊಂಡಿದ್ದಾನೆ. ಅದರ ಒಣಗಿದ ಎಲೆ ಕಿತ್ತು ನನಗೆ ತೋರಿಸಿ, ತುಟಿ ಅಲ್ಲಾಡಿಸಿ ಅದನ್ನು ಬೈದ. ಸದ್ದು ಬರಲಿಲ್ಲ. ನಾನು ನಕ್ಕೆ, ಅವನು ನಗಲಿ ಎಂದು. ವಿಚಾರಣೆಯವರು ಮರಳಿಸಿದ ಹಾಳೆಯನ್ನು ಅವನಿಗೇ ಕೊಟ್ಟು ಬಂದೆ. ಅವನು ಮಾತಾಡಿದ್ದನ್ನು ಒಬ್ಬರಾದರೂ ಬರೆದಿಟ್ಟಿದ್ದರು ಎಂಬುದಕ್ಕೆ ಅವನ ಹತ್ತಿರ ಅದು ಇರಲಿ.

ಇನ್ನು ನನಗೆ ಕಾಗದ ಬರೆಯಬೇಡ. ನನ್ನ ಕಣ್ಣೆದುರು ಹುಟ್ಟಿ ಬೆಳೆದವನು ನೀನು. ನೀನು ಮೊದಲು ಕೆಟ್ಟವನಾಗಿರಲಿಲ್ಲ, ಕೇಳದವನಾಗಿದ್ದೆ. ಆಮೇಲೆ ಗೊತ್ತಿದ್ದೂ ಸುಮ್ಮನಿದ್ದೆ. ಈಗ ಒಬ್ಬನ ಗಂಟಲು ಹೋದ ಮೇಲೂ ಸುಮ್ಮನಿದ್ದೀಯ. ಇದನ್ನೆಲ್ಲ ಯಾರೋ ಹೇಳಿದ್ದು ಕೇಳಿ ನಾನು ಬರೆದಿಲ್ಲ.

ಈ ಕಾಗದವನ್ನು ಪೂರ್ತಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಅಪ್ಪನ ಕರಡಚ್ಚಿನಂತೆ ಓದಬೇಡ, ನನ್ನ ಪುಸ್ತಕದಂತೆ ಓದು.

ಅಕ್ಕ